ಮಗಜಿ ಇಲ್ಲದ ಕೌದಿ

ಇಡೀ ಓಣಿಯಲ್ಲಿ ತನ್ನಷ್ಟು ನೆಟ್ಟಗೆ ಕೌದಿ ಹೊಲಿಯುವವಳು ಇನ್ನೊಬ್ಬಳಿಲ್ಲ ಎಂದು ತುಳಜಾಬಾಯಿ ನಂಬಿದ್ದಳು. ಆಳಂದದ ಆ ಓಣಿಯಲ್ಲಿದ್ದದ್ದು ಎಂಟು ಮನೆ. ಅದರಲ್ಲಿ ಸೂಜಿ ಹಿಡಿಯುವವರು ನಾಲ್ಕು ಜನ. ಆ ನಾಲ್ವರಲ್ಲಿ ಒಬ್ಬಳು ತಾನೇ. ಇಷ್ಟು ಸಣ್ಣ ಕುಸ್ತಿ ಗೆದ್ದು ಅಷ್ಟು ದೊಡ್ಡ ರುಮಾಲು ಸುತ್ತಿಕೊಂಡು ತಿರುಗಬಾರದು ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮುಂದೆ ಮುದುಕಿಯಾದ ಮೇಲೆ ಈ ಕಥೆಯನ್ನು ಆಕೆಯೇ ಬಂದವರಿಗೆಲ್ಲ ಹೇಳುತ್ತಿದ್ದಳು. ಮೊದಲೆಲ್ಲ ತನ್ನನ್ನೊಬ್ಬಳನ್ನು ಬಿಟ್ಟು ಓಣಿಯನ್ನೆಲ್ಲ ಬೈಯುತ್ತಿದ್ದವಳು, ಈ ಕಥೆಯಲ್ಲಿ ಮಾತ್ರ ಓಣಿಯನ್ನೆಲ್ಲ ಬಿಟ್ಟು ತನ್ನನ್ನೊಬ್ಬಳನ್ನೇ ಬೈದುಕೊಳ್ಳುತ್ತಿದ್ದಳು.

ಅದು ಯುದ್ಧದ ಕಾಲ. ಅಂಗಡಿಯಲ್ಲಿ ಹೊಸ ಬಟ್ಟೆ ಸಿಗುವುದೇ ಕಷ್ಟವಾಗಿತ್ತು. ಆಕೆಯ ಒಬ್ಬಳೇ ಮಗಳು ಕಸ್ತೂರಿಬಾಯಿಯನ್ನು ಅಫಜಲಪುರಕ್ಕೆ ಕೊಟ್ಟಿದ್ದರು. ಈಗ ಒಂಬತ್ತು ತಿಂಗಳ ಬಸುರಿಯಾಗಿ ಹೆರಿಗೆಗೆ ತವರಿಗೆ ಬಂದಿದ್ದಳು. ಇದು ಮೂರನೆಯದು. ಮೊದಲಿನ ಕೂಸು ಮೂರು ದಿನ ಇತ್ತು, ಎರಡನೆಯದು ಎಂಟು ದಿನ. ಹನ್ನೆರಡನೆಯ ದಿನದ ತೊಟ್ಟಿಲನ್ನು ಎರಡೂ ಕಾಣಲಿಲ್ಲ; ಹೆಸರಿಲ್ಲದೆ ಬಂದು ಹೆಸರಿಲ್ಲದೆ ಹೋದವು. ಈ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತಬಾರದೆಂದೇ ತುಳಜಾಬಾಯಿ ಹಗಲೆಲ್ಲ ಕೌದಿಯ ಬಗ್ಗೆ ಮಾತಾಡುತ್ತಿದ್ದಳು.

ಕೂಸಿನ ಆ ಕೌದಿ ಹೆಚ್ಚುಕಡಿಮೆ ಮುಗಿದಿತ್ತು. ಒಳಗೆ ತನ್ನ ಹಳೆಯ ಸೀರೆಗಳ ಐದು ಪದರ, ಮೇಲೆ ಬಣ್ಣಬಣ್ಣದ ಚೌಕ, ಸಾಲು ಸಾಲಾಗಿ ಸಾಸಿವೆಕಾಳಿನಂಥ ಸಣ್ಣ ಹೊಲಿಗೆಯ ಟಾಕಿ. ಉಳಿದದ್ದು ಸುತ್ತಲಿನ ಅಂಚು ಮಾತ್ರ. ಅದಕ್ಕಾಗಿ ತನ್ನ ಮದುವೆಯ ಇಳಕಲ್ ಸೀರೆಯ ಕೆಂಪು ಸೆರಗನ್ನು ತೆಗೆದಿಟ್ಟಿದ್ದಳು. ಅದಕ್ಕೊಂದು ಕಾರಣವಿತ್ತು. ಕಸ್ತೂರಿಯ ಅತ್ತೆ ರುಕ್ಮಿಣಿಬಾಯಿ ಅಫಜಲಪುರದ ಕಡೆ ಕೌದಿಗೆ ಹೆಸರಾದವಳು. ಮದುವೆಯಲ್ಲಿ ತುಳಜಾಬಾಯಿ ಕೊಟ್ಟ ಕೌದಿಯನ್ನು ಆಕೆ ಎಲ್ಲರೆದುರಿಗೆ ತಿರುವಿ ಹಾಕಿ, ಹಿಂದಿನ ಟಾಕಿಗಳನ್ನು ಬೆರಳಿನಿಂದ ಸವರಿ, ಒಂದೇ ಒಂದು ಮಾತು ಹೇಳಿದ್ದಳು: “ನಡೀತದ.” ಐದು ವರ್ಷವಾದರೂ ಆ ‘ನಡೀತದ’ ತುಳಜಾಬಾಯಿಯ ಎದೆಯಲ್ಲಿ ಮೀನಿನ ಮುಳ್ಳಿನಂತೆ ನಿಂತಿತ್ತು. ಈ ಸಲ ನಾಲ್ಕೂ ಕಡೆ ಕೆಂಪು ಅಂಚು ನೋಡಿ ಬೀಗತಿಯ ಬಾಯಿ ಕಟ್ಟಬೇಕು.

ಕೆಂಪು ಸೆರಗಿಗೆ ಕತ್ತರಿ ಹಾಕುವ ಹೊತ್ತಿಗೆ ಎದುರು ಮನೆಯ ಮಲ್ಕಮ್ಮ ಬಂದು ಕಟ್ಟೆಯ ಮೇಲೆ ಕೂತಳು. ಓಣಿಯ ಕೂಸುಗಳೆಲ್ಲ ಈ ಲೋಕಕ್ಕೆ ಬಂದದ್ದು ಈ ಸೂಲಗಿತ್ತಿಯ ಕೈಯಿಂದಲೇ. ಹೀಗಾಗಿ ಯಾರ ಕಟ್ಟೆಯ ಮೇಲಾದರೂ ಕೂತು, ಯಾರಿಗೆ ಬೇಕಾದರೂ ಬುದ್ಧಿ ಹೇಳುವ ಹಕ್ಕು ತನಗಿದೆ ಎಂದು ಆಕೆ ತಿಳಿದಿದ್ದಳು.

“ಏ ತುಳಜಾ, ಕತ್ರಿ ಕೆಳಗಿಡು ಬೇ,” ಎಂದಳು. “ಎರಡು ಕೂಸು ಕಳಕೊಂಡಾಕಿಗೆ ನಾಕೂ ಕಡಿ ತವರಿನ ಅಂಚು ಹಚ್ಚಬಾರ್ದು. ಒಂದು ಕಡಿ ನಿಂದು. ಮೂರು ಕಡಿ ಬೇಡಿ ತರಬೇಕು.”

“ಬೇಡಿ? ನಮ್ಮನ್ಯಾಗ ಅರಿವಿ ಬಟ್ಟಿಗೆ ಬರಗಾಲ ಬಂದದೇನು?”

“ಬರಗಾಲಕ್ಕಲ್ಲ. ಮಕ್ಕಳು ಬದುಕಿದ ಮೂರು ಮನಿ ನೋಡು. ಅಲ್ಲಿ ಕೂಸು ಹೊದ್ದು ಉಚ್ಚಿ ಹೊಯ್ದು ಹಳೇದಾದ ಬಟ್ಟಿ ಬೇಕು. ಅಜ್ಜಿ ಆಗಾಕಿ ತಾನೇ ಹೋಗಿ ಸೆರಗು ಒಡ್ಡಿ ಬೇಡಬೇಕು. ಕೊಡಾಕಿ ನಕ್ಕೋಂತ ಕೊಡಬೇಕು. ಹಂಗ ಮಾಡಿದ್ರ, ಒಯ್ಯಾಕ ಬಂದದ್ದಕ್ಕ ಇದು ಯಾರ ಮನಿ ಕೂಸು ಅಂತ ಗುರ್ತ ಹತ್ತೂದಿಲ್ಲ. ಹೊಳ್ಳಿ ಹೋಗ್ತದ.”

ಇಂಥದ್ದನ್ನೆಲ್ಲ ತಾನು ನಂಬುವುದಿಲ್ಲ ಎಂದು ತುಳಜಾಬಾಯಿ ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಕಸ್ತೂರಿ ಬಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹುಟ್ಟಿದಾಗಿನಿಂದ ಬಳೆ ಬೇಕು, ಸೀರೆ ಬೇಕು ಎಂದು ಏನನ್ನೂ ಕೇಳದಿದ್ದ ಮಗಳು ಅವಳು.

“ಅವ್ವಾ, ಬೇಡಿ ತಾ,” ಎಂದಳು ಅಷ್ಟೇ, ಒಳಗೆ ಹೋದಳು.

ತುಳಜಾಬಾಯಿಯ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. ಮಗಳಿಗೆ ಜೀವ ಬೇಕಾದರೆ ಕೊಡಬಹುದಿತ್ತು, ಅದು ತನ್ನದೇ ಸ್ವಂತದ್ದು. ಬಟ್ಟೆ ಬೇಡುವುದೆಂದರೆ ಓಣಿಯವರ ಹತ್ತಿರ ಹೋಗಬೇಕು. ಈ ಓಣಿಯವರ ಹತ್ತಿರ!

ಮಲ್ಕಮ್ಮನ ಹತ್ತಿರ ಬೇಡುವುದಾದರೆ ಹೇಗೋ ಆದೀತು. ಕೋಳಿ ಕೂಗುವ ಮೊದಲೇ ಎದ್ದು ಬೀಸುಕಲ್ಲಿಗೆ ಕೂತು, ಸತ್ತ ಗಂಡನನ್ನು ಹಾಡಿನಲ್ಲಿ ಬೈಯುವ ಹೆಂಗಸು ಅವಳು; ಆ ಹಾಡಿಗೆ ತುಳಜಾಬಾಯಿ ಇಪ್ಪತ್ತು ವರ್ಷ ನಿದ್ದೆ ಕಳೆದುಕೊಂಡಿದ್ದಳು. ಆದರೆ ಬಲಗಡೆ ಗೋಡೆಗೆ ಹೊಂದಿ ಇದ್ದವರು ಪಿಂಜಾರರು. ಹುಸೇನಪೀರ ಬೆಳಗಿನಿಂದ ಸಂಜೆಯವರೆಗೆ ಬಿಲ್ಲು ಹಿಡಿದು ಟುಂಯ್ ಟುಂಯ್ ಎಂದು ಹತ್ತಿ ಹಿಂಜುತ್ತಿದ್ದ. ಹಾರಿ ಬಂದ ಹತ್ತಿ ತುಳಜಾಬಾಯಿಯ ಸಂಡಿಗೆಯ ಮೇಲೆ ಕೂತು ಸಂಡಿಗೆಗೆಲ್ಲ ಬಿಳಿ ಗಡ್ಡ ಬರುತ್ತಿತ್ತು. ಅವನ ಹೆಂಡತಿ ಮದೀನಾಬಿಗೆ ಏಳು ಮಕ್ಕಳು ಮತ್ತು ಒಂದು ಆಡು. ಆ ಆಡು ಒಣಹಾಕಿದ ಕುಬಸದ ತೋಳು ತಿಂದು ಕುಬಸವನ್ನು ಬಿಡುವಂಥ ನಾಜೂಕಿನದು.

ಎಡಗಡೆಗೆ ಸುಭದ್ರಾಬಾಯಿ, ವಯಸ್ಸಿನಲ್ಲಿ ಹತ್ತು ವರ್ಷ ಹಿರಿಯಳು. ಆಕೆಯ ಪಾತ್ರೆ ತೊಳೆದ ನೀರು ಸರಿಯಾಗಿ ತುಳಜಾಬಾಯಿಯ ರಂಗೋಲಿಯ ಮೇಲೆಯೇ ಬೀಳುತ್ತಿತ್ತು. ಈ ವಿಷಯವನ್ನು ತುಳಜಾಬಾಯಿ ಓಣಿಯ ಎರಡೂ ತುದಿಗೆ ಕೇಳುವಂತೆ ಎತ್ತಿ ಆಡಿದ್ದಳು. ಮೂರು ವರ್ಷದಿಂದ ಅವರಿಬ್ಬರಿಗೆ ಮಾತಿರಲಿಲ್ಲ. ಮೋರಿಯ ಜಗಳ, ಇನ್ನೇನು?

ಮಲ್ಕಮ್ಮ ಕೂತಲ್ಲಿಂದಲೇ ಎದ್ದು ಹೋಗಿ ಮೊಮ್ಮಗ ತಲೆಗೆ ಹೊದ್ದು ಹಳೆಯದಾದ ಕುಂಚಿಗೆಯಿಂದ ಒಂದು ಪಟ್ಟಿ ಹರಿದುಕೊಂಡು ಬಂದಳು. ತುಳಜಾಬಾಯಿ ಸೆರಗು ಒಡ್ಡಿದಳು. ಮಲ್ಕಮ್ಮ ಹಲ್ಲಿಲ್ಲದ ಬಾಯಿ ತುಂಬ ನಕ್ಕು ಅದರಲ್ಲಿ ಹಾಕಿದಳು. ಗಿಳಿಹಸಿರು. ಅದರ ಮೇಲೆ ಅಲ್ಲಲ್ಲಿ ನಶ್ಯದ ಕಲೆ. ಕೆಂಪಿನ ಪಕ್ಕ ಈ ಹಸಿರನ್ನು ಇಟ್ಟು ನೋಡಿ ತುಳಜಾಬಾಯಿ ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ಕಣ್ಣಿನೊಳಗೂ ಬೀಗತಿಯೇ ನಿಂತಿದ್ದಳು.

ಮರುದಿನ ಬೆಳಿಗ್ಗೆ ಕೌದಿಯನ್ನು ಕಟ್ಟೆಯ ಮೇಲೆ ಹರಡಿಕೊಂಡು, ಉಳಿದ ಎರಡು ಕಡೆಗೆ ಯಾವ ಬಣ್ಣ ಬಂದರೆ ಈ ಹಸಿರಿನ ಪಾಪ ತೊಳೆಯಬಹುದು ಎಂದು ಲೆಕ್ಕ ಹಾಕುತ್ತಿದ್ದಳು. ಬೇಡಿ ತರುವವಳಿಗೆ ಬಣ್ಣದ ಆಯ್ಕೆ ಬೇರೆ! ಅಷ್ಟರಲ್ಲಿ ಆ ಆಡು ಬಂದು ಹಸಿರು ಪಟ್ಟಿಯ ತುದಿಯನ್ನು ಬಾಯಲ್ಲಿ ಹಿಡಿಯಿತು. ತುಳಜಾಬಾಯಿ ಆಡನ್ನೂ, ಆಡಿನ ಒಡೆಯನನ್ನೂ, ಆಡು ಕಟ್ಟಬೇಕಾದ ಹಗ್ಗವನ್ನೂ ಒಂದೇ ಉಸಿರಿನಲ್ಲಿ ಬೈದಳು. ಗೋಡೆಯಾಚೆ ಬಿಲ್ಲು ಟುಂಯ್ ಟುಂಯ್ ಎನ್ನುತ್ತಲೇ ಇತ್ತು. ಆ ಸಪ್ಪಳದ ನಡುವೆ ಗೋಡೆಯ ಮೇಲೆ ಮದೀನಾಬಿಯ ತಲೆ ಕಾಣಿಸಿತು. ಕೌದಿಯನ್ನು ನೋಡಿದಳು, ಹಸಿರು ಪಟ್ಟಿಯನ್ನು ನೋಡಿದಳು, ಕೂಗಿ ಕೇಳಿದಳು:

“ಬಾಯೀ! ನಿಮ್ಗ ಮಗಜಿ ಇಲ್ಲೇನ್ರಿ? ನಮ್ಮನ್ಯಾಗ ಭಾಳ ಅದ, ಕೊಡ್ಲೇನು?”

ತುಳಜಾಬಾಯಿಗೆ ಕೇಳಿಸಿದ್ದು ‘ಮಗಜ’. ಮಗಜ ಎಂದರೆ ಮಿದುಳು ಎಂದು ಆ ಸೀಮೆಯ ಎಮ್ಮೆಗೂ ಗೊತ್ತು. ಮಾತೆತ್ತಿದರೆ ಮಗಜ ತಿನ್ನಬೇಡ ಎನ್ನುವ ಊರು ಅದು.

“ನನಗ ಮಗಜ ಇಲ್ಲಾ?” ಎಂದು ಎದ್ದು ನಿಂತಳು. “ಏಳು ಹಡದು ಒಂದರ ಮೂಗೂ ಒರಸಲಾರದಾಕಿ, ನೀ ನನಗ ಮಗಜ ಕೊಡ್ತೀ? ಇಟ್ಕೋ ಬೇ, ನಿನ್ನ ಆಡಿಗೆ ಕೊಡು! ಅದಕ್ಕರೆ ಉಪಯೋಗ ಆದೀತು!”

ಮದೀನಾಬಿಯ ಮುಖ ಸಣ್ಣದಾಯಿತು. ತಲೆ ಗೋಡೆಯಾಚೆ ಇಳಿಯಿತು. ಸ್ವಲ್ಪ ಹೊತ್ತಿಗೆ ಬಿಲ್ಲಿನ ಸಪ್ಪಳವೂ ನಿಂತಿತು. ಇಪ್ಪತ್ತು ವರ್ಷದಿಂದ ಯಾವ ಮೌನಕ್ಕಾಗಿ ತುಳಜಾಬಾಯಿ ಹಂಬಲಿಸಿದ್ದಳೋ ಆ ಮೌನ ಇಡೀ ಓಣಿಯನ್ನು ತುಂಬಿತು. ಅದರಲ್ಲಿ ಕೂತು ಆಕೆಗೆ ಒಂದು ಟಾಕಿಯನ್ನೂ ಹಾಕಲಾಗಲಿಲ್ಲ.

ಮಧ್ಯಾಹ್ನ ಆಕೆಗೆ ಒಂದು ಉಪಾಯ ಹೊಳೆಯಿತು. ಓಣಿಯವರ ಬಟ್ಟೆಯೆಲ್ಲ ಹೊಲಿಯುವವನು ದರ್ಜಿ ಶರಫುದ್ದೀನ. ಅವನ ಅಂಗಡಿಯಲ್ಲಿ ಎಲ್ಲರ ಮನೆಯ ಚೂರುಪಾರು ಗಂಟು ಕಟ್ಟಿ ಇಟ್ಟಿರುತ್ತಾನೆ. ಮದೀನಾಬಿಯ ಮನೆಯ ಬಟ್ಟೆಯೂ ಸಿಗುತ್ತದೆ, ಸುಭದ್ರಾಬಾಯಿಯ ಮನೆಯದೂ ಸಿಗುತ್ತದೆ, ಯಾರ ಬಾಗಿಲಿಗೂ ಹೋಗಿ ಹಲ್ಲು ಗಿಂಜಬೇಕಾಗಿಲ್ಲ. ತನ್ನ ಈ ಜಾಣತನಕ್ಕೆ ತಾನೇ ತಲೆದೂಗುತ್ತ ಅಂಗಡಿಗೆ ಹೋದಳು.

ಶರಫುದ್ದೀನ ಮಷೀನಿನಿಂದ ತಲೆ ಎತ್ತಿದ. ಆಕೆಯ ಬಗಲಲ್ಲಿದ್ದ ಕೌದಿಯನ್ನು ನೋಡಿ, “ಬರ್ರಿ ಬಾಯೀ. ಏನು, ಮಗಜೀಗೇನ್ರಿ?” ಎಂದ.

“ನೀನೂ ಸುರು ಮಾಡಿದ್ಯಾ? ಊರಿಗೆ ಊರೇ ನನ್ನ ಮಗಜದ ಮ್ಯಾಲೆ ಬಿದ್ದದಲ್ಲೋ!”

ಶರಫುದ್ದೀನ ಕಣ್ಣು ಪಿಳಿಪಿಳಿ ಮಾಡಿದ. ಆಮೇಲೆ ಮೂಲೆಯಲ್ಲಿದ್ದ ಒಂದು ರಜಾಯಿ ಎಳೆದು, ಅದರ ಸುತ್ತಲಿನ ನೀಲಿ ಪಟ್ಟಿಯನ್ನು ಬೆರಳಲ್ಲಿ ಹಿಡಿದು ತೋರಿಸಿದ.

“ಇದ್ರೀ, ಬಾಯಿ. ನೀವು ಅಂಚು ಅಂತೀರಿ. ನಮ್ಮ ಮಾತಿನ್ಯಾಗ ಇದಕ್ಕ ಮಗಜಿ ಅಂತಾರ. ಮಗಜ ಬ್ಯಾರೆ, ಅದು ತಲ್ಯಾಗ ಇರ್ತದ. ಮಗಜಿ ಕೌದಿಗೆ ಇರ್ತದ.”

ತುಳಜಾಬಾಯಿ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಹಾಗಾದರೆ ಮದೀನಾಬಿ ಬೈಯಲಿಲ್ಲ. ಕೌದಿಗೆ ಅಂಚಿನ ಬಟ್ಟೆ ಇಲ್ಲವೇ, ನಾನು ಕೊಡಲೇ ಎಂದು ಕೇಳಿದ್ದಳು. ಯಾವುದನ್ನು ಹೋಗಿ ಸೆರಗೊಡ್ಡಿ ಬೇಡಬೇಕಿತ್ತೋ ಅದನ್ನು ಆ ಹೆಂಗಸು ಗೋಡೆ ಹತ್ತಿ ಕೊಡಲು ಬಂದಿದ್ದಳು. ಕೌದಿಗೆ ಮಗಜಿ ಇಲ್ಲ, ತನಗೆ ಮಗಜ ಇಲ್ಲ. ಎರಡೂ ಒಂದೇ ದಿನ ಸಾಬೀತಾದವು.

ಬುದ್ಧಿಯಿದ್ದವಳು ಅಲ್ಲಿಂದಲೇ ನೆಟ್ಟಗೆ ಮದೀನಾಬಿಯ ಮನೆಗೆ ಹೋಗುತ್ತಿದ್ದಳು. ತುಳಜಾಬಾಯಿ ಹೋಗಲಿಲ್ಲ. ನಾಚಿಕೆ ಎಂಬುದು ವಿಚಿತ್ರ, ತಪ್ಪು ಮಾಡುವಾಗ ಬರುವುದಿಲ್ಲ, ತಿದ್ದಿಕೊಳ್ಳಲು ಹೊರಟಾಗ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಆಕೆ ಗಂಟು ಬಿಚ್ಚಿಸಿದಳು. ಮದೀನಾಬಿಯ ಈದಿನ ಬಟ್ಟೆಯಿಂದ ಉಳಿದ ಹೂವಿನ ಛೀಟು ಸಿಕ್ಕಿತು, ಸುಭದ್ರಾಬಾಯಿಯ ಸೊಸೆಯ ಕುಬಸದ ಅರಿಶಿನ ಬಣ್ಣದ ಖಣ ಸಿಕ್ಕಿತು.

“ಇವು ಹೊಸಾವ್ರೀ, ಯಾರೂ ಉಟ್ಟಿಲ್ಲ ತೊಟ್ಟಿಲ್ಲ,” ಎಂದ ಶರಫುದ್ದೀನ.

“ನಿನಗ್ಯಾಕ ಬೇಕಪ್ಪಾ ಅದೆಲ್ಲ,” ಎಂದು ಎತ್ತಿಕೊಂಡು ಬಂದಳು.

ಸಂಜೆಯೊಳಗೆ ನಾಲ್ಕೂ ಕಡೆ ದೊಡ್ಡ ದೊಡ್ಡ ಟಾಕಿ ಹಾಕಿ ಅಂಚು ಹಚ್ಚಿಯೇ ಬಿಟ್ಟಳು. ಎಷ್ಟು ಚಂದ ಕಂಡಿತೆಂದರೆ, ಅರಿಶಿನ ಮತ್ತು ಛೀಟಿನ ನಡುವೆ ಗಿಳಿಹಸಿರು ಕೂಡ ಮರ್ಯಾದಸ್ಥರ ಮನೆಯದರಂತೆ ಕೂತಿತ್ತು. ಮಗಳ ಮುಂದೆ ಹರಡಿದಳು.

ಕಸ್ತೂರಿ ಅಂಚನ್ನು ಕೈಯಲ್ಲಿ ಹಿಡಿದಳು. ಬೆರಳಲ್ಲಿ ತಿಕ್ಕಿದಳು. ಆಮೇಲೆ ಮೂಗಿಗೆ ಹಿಡಿದಳು.

“ಗಂಜಿ ಹೋಗಿಲ್ಲವ್ವ ಇದ್ರಾಗಿಂದು,” ಎಂದಳು. “ಹಸಿರಿನ್ಯಾಗ ಮಲ್ಕಮ್ಮಾಯಿ ಮೊಮ್ಮಗನ ವಾಸನಿ ಅದ. ಇವೆರಡ್ರಾಗ ಯಾವ ಕೂಸಿನ ವಾಸನೀನೂ ಇಲ್ಲ.”

ತುಳಜಾಬಾಯಿ ಅಂಚನ್ನು ಮಡಚಿ ಕೈಯಡಿ ಮುಚ್ಚಿಕೊಂಡಳು.

“ನಿನಗ ಬೇಡಾಕ ಆಗಂಗಿಲ್ಲ. ಇರ್ಲಿ ಬಿಡು, ನಾನೇ ಹೋಗಿ ಬೇಡ್ತೇನಿ,” ಎಂದು ಕಸ್ತೂರಿ ಒಂದು ಕೈ ನೆಲಕ್ಕೆ ಊರಿ, ಇನ್ನೊಂದು ಕೈ ಹೊಟ್ಟೆಗೆ ಕೊಟ್ಟು ಏಳಲು ಹೊರಟಳು. ಅವಳಿಗೆ ಸಿಟ್ಟಿರಲಿಲ್ಲ. ಇದ್ದದ್ದು ಭಯ. ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟವಳ ಭಯ, ಆರು ತಿಂಗಳಿಂದ ಯಾರಿಗೂ ತೋರಿಸದೆ ಇಟ್ಟುಕೊಂಡದ್ದು. ಅದನ್ನು ನೋಡಿದ ತುಳಜಾಬಾಯಿ ಮಗಳನ್ನು ಭುಜ ಹಿಡಿದು ಕೂಡಿಸಿ, ಅಲ್ಲೇ ಕೂತು, ಸಂಜೆಯವರೆಗೆ ಹಾಕಿದ ಟಾಕಿಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದಳು.

ಬೆಳಿಗ್ಗೆ ಸ್ನಾನ ಮಾಡಿ ಮದೀನಾಬಿಯ ಬಾಗಿಲಿಗೆ ಹೋದಳು. ಮದೀನಾಬಿಯ ಆರು ವರ್ಷದ ಮಗಳು ಮುಮತಾಜ ಅಂಗಳದಲ್ಲಿ ಆಡುತ್ತಿದ್ದವಳು ಈಕೆಯನ್ನು ನೋಡಿದ್ದೇ, “ಅಮ್ಮಾ, ಕೋತ್ವಾಲ ಬಾಯಿ ಬಂದಾಳ!” ಎಂದು ಕಿರುಚಿ ಒಳಗೆ ಓಡಿದಳು. ಕೋತ್ವಾಲನೆಂದರೆ ಪೊಲೀಸರ ದೊಡ್ಡ ಸಾಹೇಬ. ಯಾರು ಆ ಕೋತ್ವಾಲ ಬಾಯಿ ಎಂದು ತುಳಜಾಬಾಯಿ ಹಿಂದೆ ತಿರುಗಿ ನೋಡಿದಳು. ಹಿಂದೆ ಆಡೊಂದೇ ನಿಂತಿತ್ತು. ಆಗ ತಿಳಿಯಿತು.

ಮದೀನಾಬಿ ಹೊರಗೆ ಬಂದಳು. ಹುಸೇನಪೀರ ಬಿಲ್ಲನ್ನು ಕೆಳಗಿಟ್ಟ.

ತುಳಜಾಬಾಯಿ ರಾತ್ರಿಯಿಂದ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. ಸೆರಗು ಒಡ್ಡಿ, “ಮದೀನಾ, ನನ್ನ ಕೌದಿಗೆ ಮಗಜಿ ಇಲ್ಲ, ನನಗ ಮಗಜ ಇಲ್ಲ. ಎರಡ್ರಾಗ ಯಾವ್ದಿದ್ರೂ ಒಂದಿಷ್ಟು ಕೊಡು ಬೇ,” ಎಂದಳು.

ಮದೀನಾಬಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕಂಬ ಹಿಡಿದುಕೊಂಡು ನಕ್ಕಳು. “ಯಾ ಅಲ್ಲಾ! ನೀವು ಮಗಜ ಅಂತ ತಿಳ್ಕೊಂಡ್ರಾ! ಅದಕ್ಕೇ ಆಡಿಗೆ ಕೊಡು ಅಂದ್ರಾ!” ಕಣ್ಣೀರು ಬರುವ ತನಕ ನಕ್ಕಳು. ಒಳಗೆ ಹೋಗಿ, ತೊಳೆದು ತೊಳೆದು ಹೂವೆಲ್ಲ ಮಾಸಿದ ಒಂದು ಪಟ್ಟಿ ತಂದಳು. “ಏಳೂ ಮಕ್ಕಳು ಇದರ ಮ್ಯಾಲೇ ಮಲಗ್ಯಾವ್ರಿ ಬಾಯಿ. ನಿನ್ನೆ ಇದನ್ನೇ ಕೈಯಾಗ ಹಿಡ್ಕೊಂಡು ಗ್ವಾಡಿ ಹತ್ತಿದ್ದೆ.”

ಸೆರಗಿನಲ್ಲಿ ಬಿದ್ದ ಆ ಮಾಸಿದ ಪಟ್ಟಿಯನ್ನು ತುಳಜಾಬಾಯಿ ಮೂಗಿಗೆ ಹಿಡಿದಳು. ಹಾಲು, ಎಣ್ಣೆ, ಹಳೆಯ ಉಚ್ಚೆ, ಎಲ್ಲ ಇತ್ತು. ಆ ಕ್ಷಣಕ್ಕೆ ಅದಕ್ಕಿಂತ ಚಂದದ ಬಣ್ಣ ಇನ್ನೊಂದಿದೆ ಎಂದು ಆಕೆಗೆ ಅನಿಸಲಿಲ್ಲ.

ಹೋಗುವಾಗ ನಿಂತು ಕೇಳಿದಳು: “ನಾ ಕೋತ್ವಾಲ ಏನಬೇ?”

ಹುಸೇನಪೀರ ನೆಲ ನೋಡುತ್ತ, “ಹುಡುಗ್ರು ಅಂತಾವ್ರಿ,” ಎಂದ. ಹುಡುಗರು ಅದನ್ನು ಯಾರಿಂದ ಕಲಿತರು ಎಂದು ಕೇಳುವಷ್ಟು ಮಗಜ ಆಕೆಗೂ ಇತ್ತು. ಕೇಳಲಿಲ್ಲ.

ಇನ್ನು ಒಂದು ಕಡೆ ಉಳಿಯಿತು. ಸುಭದ್ರಾಬಾಯಿ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ತೊಗರಿಬೇಳೆ ಆರಿಸುತ್ತಿದ್ದಳು. ತುಳಜಾಬಾಯಿ ನಾಲ್ಕು ಹೆಜ್ಜೆ ದೂರ ಬಂದು ನಿಂತರೂ ತಲೆ ಎತ್ತಿ ನೇರವಾಗಿ ಮುಖ ನೋಡಿ, “ಯಾರು?” ಎಂದಳು.

ಕಂಡೂ ಯಾರು ಎಂದು ಕೇಳುತ್ತಾಳಲ್ಲ, ಎಂಥ ಸೊಕ್ಕು ಎಂದು ತುಳಜಾಬಾಯಿಯ ಮೈ ಉರಿಯಿತು. ಆದರೆ ಕಾಲು ತಿರುಗಿಸಲಿಲ್ಲ. “ನಾನ್ರೀ, ಸುಭದ್ರಕ್ಕ. ತುಳಜಾ.”

“ಹ್ಞಾಂ. ದನೀ ಮ್ಯಾಲೆ ಗುರ್ತ ಹತ್ತಿತು. ಕಣ್ಣಾಗ ಪೊರಿ ಬಂದು ನಾಕು ವರ್ಷಾತು, ಮುಖ ಕಾಣೂದಿಲ್ಲ. ಕೂಡು.”

ತುಳಜಾಬಾಯಿ ಆಗ ನೋಡಿದಳು. ಸುಭದ್ರಾಬಾಯಿ ಬೇಳೆಯನ್ನು ನೋಡುತ್ತಿರಲಿಲ್ಲ, ಬೆರಳಿನಿಂದ ಸವರಿ ಹರಳು ತೆಗೆಯುತ್ತಿದ್ದಳು. ನಾಲ್ಕು ವರ್ಷ! ಗೋಡೆಯ ಆಚೆ ಕುರುಡಾಗುತ್ತಿದ್ದ ಹೆಂಗಸು ಬಾಗಿಲಲ್ಲಿ ನಿಂತು ಅಂದಾಜಿನ ಮೇಲೆ ನೀರು ಚೆಲ್ಲುತ್ತಿದ್ದಳು. ಈ ಕೋತ್ವಾಲ ಬಾಯಿ ಅದು ತನ್ನ ರಂಗೋಲಿಯ ಮೇಲೆ ಗುರಿಯಿಟ್ಟು ಚೆಲ್ಲಿದ್ದೆಂದು ಓಣಿಯೆಲ್ಲ ಡಂಗುರ ಸಾರಿದ್ದಳು.

“ಅಕ್ಕಾ, ಆ ಮೋರಿ ಜಗಳ...” ಎಂದು ಸುರುಮಾಡಿದಳು.

“ಮೋರಿ?” ಸುಭದ್ರಾಬಾಯಿಯ ಬೆರಳು ನಿಂತವು. “ನಾ ನಿನ್ನ ಕೂಡ ಮಾತು ಬಿಟ್ಟದ್ದು ಮೋರಿಗೆ ಅಂತ ತಿಳಿದೀಯೇನು? ನಮ್ಮ ಮೊಮ್ಮಗನ ತೊಟ್ಲದಾಗ ನಾ ಕೌದಿ ಹೊಲ್ದು ಹಾಕಿದ್ದೆ. ನೀ ಅದರ ಅಂಚು ಎತ್ತಿ ಹಿಡದು ಏನಂದಿ, ನೆನಪದ ಏನು?”

ನೆನಪಿತ್ತು. ಚೆನ್ನಾಗಿ ನೆನಪಿತ್ತು. ‘ಈ ಅಂಚು ನೋಡಿದ್ರ ಶೇಂದಿ ಕುಡದಾಂವ ಮನಿಗೆ ಹೋದ್ಹಾಂಗ ಅದ’ ಎಂದಿದ್ದಳು. ತುಂಬಿದ ಮನೆಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ತನ್ನ ಬಾಯಿಂದ ಬಂದ ಮಾತುಗಳಲ್ಲೇ ಇದು ಉತ್ತಮ ಎಂದು ತಿಳಿದು, ಮುಂದೆ ಅಫಜಲಪುರಕ್ಕೆ ಹೋದಾಗ ಬೀಗತಿಯ ಮುಂದೆಯೂ ಹೇಳಿ ನಗಿಸಿ ಬಂದಿದ್ದಳು.

“ಆವಾಗಲೇ ಎಡಗಣ್ಣು ಪೂರಾ ಹೋಗಿತ್ತು,” ಎಂದಳು ಸುಭದ್ರಾಬಾಯಿ. “ಬೆರಳಿಂದ ತಡಕಾಡಿ ತಡಕಾಡಿ ಹೊಲ್ದಿದ್ದೆ. ಯಾರಿಗೂ ಹೇಳಿರಲಿಲ್ಲ. ನೀ ಅಂದಾಗ ನನ್ನ ಸೊಸೀನೂ ನಕ್ಕಳು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಗಳಿಗೆ ಸಾವಿರ ಸಲ ಹೇಳಿದವಳು ತುಳಜಾಬಾಯಿ. ಈಗ ಆಕೆಗೆ ಅಳು ಬಂತು. ಸುಭದ್ರಾಬಾಯಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ ಸೆರಗು ಒಡ್ಡಿ ನಿಂತಳು.

“ನಾ ಅಂದದ್ದು ಹೊಲಸ ಮಾತು, ಅಕ್ಕಾ. ನಿಮಗ ಎಷ್ಟು ಬೈಯಬೇಕು ಅಷ್ಟು ಬೈರಿ. ಸೆರಗು ಒಡ್ಡಿ ನಿಂತೇನಿ. ನನ್ನ ಕಸ್ತೂರಿ ಕೂಸಿಗೆ ನಿಮ್ಮನಿದು ಒಂದು ಕಡಿ ಅಂಚು ಬೇಕು.”

ಸುಭದ್ರಾಬಾಯಿ ಮೊರದಲ್ಲಿ ಸಿಕ್ಕ ಹರಳೊಂದನ್ನು ಹೊರಗೆ ಎಸೆದಳು. ಆಮೇಲೆ ಮೊರ ಸರಿಸಿ, ಒಳಗೆ ಹೋಗಿ, ಗೋಡೆ ಹಿಡಿದುಕೊಂಡು ಅದೇ ಕೌದಿಯನ್ನು ತಂದಳು. ಅದರ ಒಂದು ಕಡೆಯ ಅಂಚನ್ನು ಉಗುರಿನಿಂದ ಬಿಚ್ಚತೊಡಗಿದಳು.

“ಕೊಡ್ತೇನಿ. ಇದನ್ನ ಹೊದ್ದ ಹುಡುಗ ಗುಂಡುಕಲ್ಲ ಆಗ್ಯಾನ. ಆದ್ರ ಈ ಕಡಿ ನಾನೇ ಹಚ್ತೇನಿ. ನನ್ನ ಕೈಲೇ.”

ಒಪ್ಪಿಕೊಳ್ಳುವ ಮೊದಲು ತುಳಜಾಬಾಯಿಗೆ ಅರ್ಧ ಉಸಿರಿನಷ್ಟು ಹೊತ್ತು ಬೀಗತಿಯ ಮುಖ ಕಂಡಿತು, ನಿಜ. ಮೂರು ಕಡೆ ಸಾಸಿವೆಕಾಳು, ಒಂದು ಕಡೆ ಶೇಂದಿ ಕುಡಿದವನ ನಡಿಗೆ! ಮಗಳ ಕೂಸಿನ ಜೀವ ಒಂದು ಕಡೆ ಇರುವಾಗಲೂ ಟಾಕಿಯ ಚಿಂತೆ ಮಾಡಿದ ಆ ಅರ್ಧ ಉಸಿರಿಗಾಗಿ ಆಕೆ ಮುಂದೆ ತನ್ನನ್ನು ಎಲ್ಲಕ್ಕಿಂತ ಹೆಚ್ಚು ಬೈದುಕೊಳ್ಳುತ್ತಿದ್ದಳು.

“ಹಚ್ರಿ ಅಕ್ಕಾ,” ಎಂದಳು. “ಸೂಜಿ ನಾ ಪೋಣಿಸ್ಕೊಡ್ತೇನಿ.”

“ಸೊಟ್ಟ ಆದ್ರ?”

“ಆಗ್ಲಿ. ಬಿಚ್ಚೂದಿಲ್ಲ, ಆಣಿ.”

ಸುಭದ್ರಾಬಾಯಿಯ ಮುಖದಲ್ಲಿ ಮೊದಲು ಒಂದು ತುಟಿ ಅಲುಗಿತು, ಆಮೇಲೆ ಇನ್ನೊಂದು. “ನೋಡೋಣು ನಿನ್ನ ಆಣಿ,” ಎಂದು ನಗುತ್ತಲೇ ಅಂಚನ್ನು ಆಕೆಯ ಸೆರಗಿಗೆ ಹಾಕಿದಳು.

ಎರಡು ಮಧ್ಯಾಹ್ನ ಬೇಕಾಯಿತು. ಸುಭದ್ರಾಬಾಯಿ ಎಡಗೈ ಬೆರಳನ್ನು ಮುಂದೆ ಬಿಟ್ಟು ಸೂಜಿಯನ್ನು ಅದರ ಹಿಂದೆ ಕಳಿಸುತ್ತಿದ್ದಳು. ಟಾಕಿ ಒಮ್ಮೆ ಮೇಲೆ ಹೋಗುತ್ತಿತ್ತು, ಒಮ್ಮೆ ಕೆಳಗೆ ಬರುತ್ತಿತ್ತು. ಪಕ್ಕದಲ್ಲಿ ಸೂಜಿ ಪೋಣಿಸುತ್ತ ಕೂತ ತುಳಜಾಬಾಯಿಯ ಕೈ ತುರಿಸುತ್ತಿತ್ತು, ನಾಲಿಗೆ ಅದಕ್ಕಿಂತ ಹೆಚ್ಚು ತುರಿಸುತ್ತಿತ್ತು. ಎರಡನ್ನೂ ಕಟ್ಟಿ ಹಾಕಿ ಕೂತಳು. ಮಗಳ ಹೆರಿಗೆಗಿಂತ ತನ್ನ ಹೆರಿಗೆಯೇ ಕಷ್ಟದ್ದಾಗಿತ್ತು ಎಂದು ಆಮೇಲೆ ಹೇಳುತ್ತಿದ್ದಳು.

ಹೆಣ್ಣು ಕೂಸು ಹುಟ್ಟಿತು. ಮಲ್ಕಮ್ಮ ಹೊಕ್ಕಳು ಕೊಯ್ದು, ತೊಳೆದು, ಆ ಕೌದಿಯಲ್ಲಿ ಸುತ್ತಿ ಕೊಟ್ಟಳು. ಮೂರನೆಯ ದಿನ ದಾಟಿತು. ಯಾರೂ ಏನೂ ಅನ್ನಲಿಲ್ಲ. ಎಂಟನೆಯ ದಿನ ಕೂಸು ಬೆಳಗಿನಿಂದ ನಿದ್ದೆ ಮಾಡುತ್ತಲೇ ಇತ್ತು. ಕೂಸು ಮಲಗಲಿ ಎಂದು ಹುಸೇನಪೀರ ಬಿಲ್ಲು ಎತ್ತಲಿಲ್ಲ, ಮಲ್ಕಮ್ಮ ಹಾಡಲಿಲ್ಲ. ಆ ಮೌನದಲ್ಲಿ ತುಳಜಾಬಾಯಿ ಹತ್ತು ಸಲ ಕೂಸಿನ ಮೂಗಿಗೆ ಬೆರಳು ಹಿಡಿದಳು. ಹನ್ನೊಂದನೆಯ ಸಲ ತಡೆಯಲಾಗದೆ ಅಂಗಳಕ್ಕೆ ಓಡಿ ಗೋಡೆಯ ಮೇಲೆ ತಲೆ ಎತ್ತಿ ಕೂಗಿದಳು:

“ಹುಸೇನಪೀರಾ! ಬಿಲ್ಲು ಬಾರಿಸೋ ನಮ್ಮಪ್ಪಾ! ನಿನ್ನ ಕಾಲಿಗೆ ಬೀಳ್ತೇನಿ, ಬಾರಿಸು!”

ಟುಂಯ್ ಟುಂಯ್ ಸುರುವಾಯಿತು. ಒಳಗೆ ಕೂಸು ಎದ್ದು ಅಳತೊಡಗಿತು. ತುಳಜಾಬಾಯಿ ಗೋಡೆಗೆ ಹಣೆ ಕೊಟ್ಟು ನಿಂತುಬಿಟ್ಟಳು.

ಹನ್ನೆರಡನೆಯ ದಿನ ತೊಟ್ಟಿಲು ಕಟ್ಟಿದರು. ಅಫಜಲಪುರದಿಂದ ರುಕ್ಮಿಣಿಬಾಯಿ ಬಂದಳು. ಮೊಮ್ಮಗಳನ್ನು ಎತ್ತಿಕೊಂಡು ಕಣ್ಣೊರೆಸಿಕೊಂಡಳು. ಕಣ್ಣೀರು ಒಣಗುವುದರೊಳಗೆ ಆಕೆಯ ಬೆರಳು ಕೌದಿಯ ಮೇಲೆ ಓಡಾಡಲು ಹತ್ತಿದವು. ಕೆಂಪು ಕಡೆ ನೋಡಿದಳು, ಹಸಿರು ಕಡೆ ನೋಡಿದಳು, ಮಾಸಿದ ಹೂವಿನ ಕಡೆ ನೋಡಿದಳು. ನಾಲ್ಕನೆಯ ಕಡೆಗೆ ಬಂದು ಬೆರಳು ನಿಂತಿತು. ಮನೆಯ ತುಂಬ ಹೆಂಗಸರು. ಮದೀನಾಬಿ ಬಾಗಿಲಲ್ಲಿದ್ದಳು, ಸುಭದ್ರಾಬಾಯಿ ತೊಟ್ಟಿಲಿಗೆ ಹೊಂದಿ ಕೂತಿದ್ದಳು.

“ಅಯ್ಯ, ಈ ಕಡಿ ಯಾರು ಹೊಲ್ದಾರ್ರಿ ಬೀಗತ್ಯಾರ?” ಎಂದು ರುಕ್ಮಿಣಿಬಾಯಿ ನಕ್ಕಳು. “ನೀವೇ ಒಮ್ಮೆ ಹೇಳಿದ್ರಲ್ಲ, ಶೇಂದಿ ಕುಡದಾಂವ ಮನಿಗೆ ಹೋದ್ಹಾಂಗ ಅಂತ. ಹಂಗೇ ಆಗ್ಯಾದ ನೋಡ್ರಿ ಇದು!”

ತೊಟ್ಟಿಲ ಹಗ್ಗ ಹಿಡಿದಿದ್ದ ಸುಭದ್ರಾಬಾಯಿಯ ಕೈ ನಿಂತಿತು. ಆಕೆಯ ಮುಖ ಯಾವ ಕಡೆಗೂ ತಿರುಗಲಿಲ್ಲ.

ತುಳಜಾಬಾಯಿ ಐದು ವರ್ಷದಿಂದ ಕಾಯುತ್ತಿದ್ದ ಗಳಿಗೆ ಇದು. ಬೀಗತಿ ಕೇಳುತ್ತಿದ್ದಾಳೆ, ಓಣಿ ಕೇಳುತ್ತಿದೆ. ಕೆಂಪು ಕಡೆ ತೋರಿಸಿ ಇದು ನನ್ನದು ಎಂದರೆ ಸಾಕಿತ್ತು.

“ನಾಕೂ ಕಡಿ ನಾನೇ ಹೊಲ್ದೇನ್ರಿ ಬೀಗತ್ಯಾರ,” ಎಂದಳು. “ಮೂರು ಕಡಿ ಮಗಜ ಇತ್ತು. ನಾಕನೇದಕ್ಕ ಬರೂದ್ರಾಗ ಮುಗಿದುಹೋತು.”

ಬಾಗಿಲಲ್ಲಿದ್ದ ಮದೀನಾಬಿ ಬಾಯಿಗೆ ಸೆರಗು ಒತ್ತಿಕೊಂಡಳು. ರುಕ್ಮಿಣಿಬಾಯಿ ಬೀಗತಿಯನ್ನೊಮ್ಮೆ, ಕೌದಿಯನ್ನೊಮ್ಮೆ ನೋಡಿ, ಏನೋ ಉದಾರತೆ ಬಂದವಳಂತೆ, “ಇರ್ಲಿ ಬಿಡ್ರಿ. ನಡೀತದ,” ಎಂದಳು. ಅಷ್ಟರಲ್ಲಿ ಕೂಸು ಆ ಸೊಟ್ಟ ಅಂಚನ್ನೂ ಬೀಗತಿಯ ಸೀರೆಯನ್ನೂ ಕೂಡಿಯೇ ತೋಯಿಸಿತು.

“ಆತು!” ಎಂದು ಮಲ್ಕಮ್ಮ ಮೂಲೆಯಿಂದ ಕೂಗಿದಳು. “ಇನ್ನ ಈ ಅಂಚು ಬೇಡಾಕ ಬ್ಯಾರೆಯವರು ಬರಬೌದು!”

ಎಲ್ಲರೂ ನಗುತ್ತಿದ್ದಾಗ ಸುಭದ್ರಾಬಾಯಿ ಕೈಯಿಂದ ತಡಕಾಡಿ ತುಳಜಾಬಾಯಿಯ ಮೊಣಕೈ ಹಿಡಿದು ಹತ್ತಿರ ಎಳೆದುಕೊಂಡಳು. ಕಿವಿಯಲ್ಲಿ ಮೆಲ್ಲಗೆ ಹೇಳಿದಳು:

“ಸುಳ್ಳ ಹೇಳಾಕೂ ನೆಟ್ಟಗ ಬರೂದಿಲ್ಲ ನಿನಗ, ಬೇ. ಅದೂ ಸೊಟ್ಟ.”

“ಹೌದ್ರಿ ಅಕ್ಕಾ,” ಎಂದಳು ತುಳಜಾಬಾಯಿ, ಮತ್ತು ತೊಟ್ಟಿಲ ಹಗ್ಗದ ಇನ್ನೊಂದು ತುದಿಯನ್ನು ತಾನು ಹಿಡಿದುಕೊಂಡಳು.